ಎಸ್.ಪಿ. ರಸ್ತೆಯಿಂದ ಕಾವಲೂರಿಗೆ

ಬೆಂಗಳೂರು ಪೇಟೆಯ ಬೀದಿಗಳಲ್ಲಿ ಒಂದೊಂದಕ್ಕೂ ಒಂದೊಂದು ವ್ಯಾಪಾರ ಮೀಸಲಾಗಿರುವುದು ಅಲ್ಲಿ ಓಡಾಡಿದವರಿಗೆಲ್ಲ ತಿಳಿದ ಸಂಗತಿ. ಪುಸ್ತಕ ಬೇಕಾದವರು ಅವೆನ್ಯೂ ರಸ್ತೆಗೆ ಹೋಗುತ್ತಾರೆ. ಸೀರೆ ಬೇಕಾದವರು ಚಿಕ್ಕಪೇಟೆಗೆ ಹೋಗುತ್ತಾರೆ. ತಂತಿ, ತಿರುಪು, ಮೋಟಾರು, ದೀಪ, ಗಣಕಯಂತ್ರದ ಬಿಡಿಭಾಗ ಇವುಗಳ ಹುಚ್ಚು ಹಿಡಿದವರು ಎಸ್.ಪಿ. ರಸ್ತೆಗೆ ಹೋಗುತ್ತಾರೆ. ನಾನು ಈ ಮೂರನೆಯ ಪಂಗಡಕ್ಕೆ ಸೇರಿದವನು. ಕೆಲಸದಿಂದ ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆಯಾದರೂ ಈ ಬೀದಿಯಲ್ಲಿ ನಡೆದು ಬರದಿದ್ದರೆ ನನಗೆ ಸಮಾಧಾನವಿಲ್ಲ.

ಕಳೆದ ಫಾಲ್ಗುಣದಲ್ಲಿ ಒಂದು ದಿನ ಹನ್ನೊಂದು ವರ್ಷದ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಮಾರ್ಕೆಟ್ಟಿನ ಮೆಟ್ರೋ ನಿಲ್ದಾಣದಲ್ಲಿ ಇಳಿದೆನು. ಹೂವಿನ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗ, ಈ ಜಾಗದ ಹಳೆಯ ಕಥೆಯೊಂದನ್ನು ಅವನಿಗೆ ಹೇಳಿದೆನು. ಶಿವನಸಮುದ್ರದಲ್ಲಿ ೧೯೦೨ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು; ಬೆಂಗಳೂರಿಗೆ ಬಂದದ್ದು ೧೯೦೫ರಲ್ಲಿ. ಆಗ ಇಲ್ಲಿಯ ಬೀದಿದೀಪಗಳು ಮೊಟ್ಟಮೊದಲು ಹೊತ್ತಿಕೊಂಡದ್ದು ಈ ಮಾರುಕಟ್ಟೆಯ ಸುತ್ತಿನಲ್ಲಿಯೇ. ಹುಡುಗನು ತಲೆಯೆತ್ತಿ ಒಂದು ದೀಪದ ಕಂಬವನ್ನು ನೋಡಿ, “ಅದನ್ನು ಕೊಂಡವರು ಯಾರು ತಾತ?” ಎಂದು ಕೇಳಿದನು. “ಊರಿನವರೆಲ್ಲ” ಎಂದೆನು. ಆ ಮಾತಿಗೆ ಆಗ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಏಕೆಂದರೆ ನಾನು ಆ ದಿನ ಹೊರಟಿದ್ದುದು ನನಗೊಬ್ಬನಿಗೇ ಬೇಕಾದ ಒಂದು ದೀಪವನ್ನು ನೋಡುವುದಕ್ಕೆ.

ಆ ದೀಪದ ಆಸೆ ಹುಟ್ಟಿದ ಬಗೆ ಹೀಗೆ. ನಮ್ಮ ಮನೆಯ ತಾರಸಿಯ ಮೇಲೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಬೀದಿಯ ಮಕ್ಕಳಿಗೆ ನಕ್ಷತ್ರಗಳನ್ನು ತೋರಿಸುವುದು ನನ್ನ ಹವ್ಯಾಸ. ತೋರಿಸುವವನ ಬೆರಳು ಒಂದು ಕಡೆ, ನೋಡುವವರ ಕಣ್ಣು ಇನ್ನೊಂದು ಕಡೆ. “ಅದೋ ರೋಹಿಣಿ” ಎಂದು ನಾನು ಕೈ ಚಾಚಿದರೆ, ಎಡಗಡೆಯ ಮಗು ಒಂದು ಚುಕ್ಕೆಯನ್ನೂ ಬಲಗಡೆಯ ಮಗು ಇನ್ನೊಂದು ಚುಕ್ಕೆಯನ್ನೂ ನೋಡಿ, ಇಬ್ಬರೂ “ಕಂಡಿತು” ಎನ್ನುತ್ತಾರೆ. ಮಿತ್ರರೊಬ್ಬರು ಒಮ್ಮೆ ಹಸುರು ಲೇಸರಿನ ಕಡ್ಡಿಯೊಂದನ್ನು ತಂದು ಗುಂಡಿಯೊತ್ತಿದರು. ಹಸುರು ದಾರವೊಂದು ನಮ್ಮ ತಲೆಯ ಮೇಲಿಂದ ಹೊರಟು ನಕ್ಷತ್ರದ ಬುಡಕ್ಕೆ ಹೋಗಿ ನಿಂತಂತೆ ತೋರಿತು. ಮಕ್ಕಳು ಒಕ್ಕೊರಲಿನಿಂದ ಉದ್ಗಾರವೆತ್ತಿದರು. ಆ ಉದ್ಗಾರ ನಾಲ್ಕು ವರ್ಷಗಳಲ್ಲಿ ನನ್ನ ಬೆರಳಿಗೆ ಒಮ್ಮೆಯೂ ದೊರೆತಿರಲಿಲ್ಲ. ಅಂದಿನಿಂದ ನನಗೂ ಅಂತಹುದೊಂದು ಬೇಕೆನಿಸಿತು. ಬೇಕೆನಿಸಿದ ಮೇಲೆ ಸಣ್ಣದೇಕೆ, ದೊಡ್ಡದೇ ಇರಲಿ ಎನಿಸಿತು. ಹವ್ಯಾಸಿಗಳ ಬುದ್ಧಿ ಹೀಗೆಯೇ ಮೆಟ್ಟಿಲು ಹತ್ತುವುದು.

ಎಸ್.ಪಿ. ರಸ್ತೆಯ ಒಂದು ಸಂದಿನಲ್ಲಿ, ಎರಡು ತಂತಿಯಂಗಡಿಗಳ ನಡುವೆ ಇಕ್ಕಟ್ಟಾದ ಮಳಿಗೆಯೊಂದಿದೆ. ಅಲ್ಲಿಯ ಯಜಮಾನನು ನನ್ನನ್ನು ಬಲ್ಲವನು. ಗಾಜಿನ ಪೆಟ್ಟಿಗೆಯಿಂದ ಕಪ್ಪು ಲೋಹದ ಕೊಳವೆಯೊಂದನ್ನು ತೆಗೆದು, ರೇಷ್ಮೆಯ ಬಟ್ಟೆಯಿಂದ ಒರಸಿ ನನ್ನ ಕೈಗಿಟ್ಟನು. ಒಂದು ಗೇಣು ಉದ್ದ. ಕೈಗೆ ತೂಕವಾಗಿ ಒಪ್ಪುವಂತಿತ್ತು. ಹಿಂಬದಿಯಲ್ಲಿ ಬೀಗದ ಕೈ ಹಾಕಿ ತಿರುಗಿಸಿದ ಹೊರತು ಅದು ಉರಿಯದು. ಮೈಮೇಲಿನ ಹಳದಿ ಚೀಟಿಯಲ್ಲಿ ೪೪೫ ನ್ಯಾನೊಮೀಟರ್, ೧,೬೦೦ ಮಿಲಿವಾಟ್, ನಾಲ್ಕನೆಯ ವರ್ಗ ಎಂದು ಬರೆದಿತ್ತು. ಬೆಲೆ ೩೪,೦೦೦ ರೂಪಾಯಿ.

“ನೋಡಿ ಸಾರ್, ಇದು ಆಟದ ಸಾಮಾನಲ್ಲ. ಕಡ್ಡಿ ಗೀರದೆ ಬೆಂಕಿ ಹೊತ್ತಿಸುತ್ತೆ. ಬೇಕಾದರೆ ಈಗಲೇ ತೋರಿಸ್ತೀನಿ” ಎಂದು ಯಜಮಾನನು ಹೇಳಿ, ಕೆಲಸದ ಹುಡುಗನಿಗೆ ಸನ್ನೆ ಮಾಡಿದನು. ಆ ಹುಡುಗನು ನನಗೆ ಕೆಂಪು ಕನ್ನಡಕವೊಂದನ್ನು ಕೊಟ್ಟು, ತಾನೂ ಒಂದನ್ನು ಏರಿಸಿಕೊಂಡನು. ಮೇಜಿನ ಮೇಲೆ ಬೆಂಕಿಕಡ್ಡಿಯನ್ನು ನಿಲ್ಲಿಸಿ ಕಿರಣವನ್ನು ಬಿಟ್ಟನು. ಕಡ್ಡಿ ಭುಗ್ಗೆಂದು ಹತ್ತಿಕೊಂಡಿತು. ನಾನು ಬೆರಗಾದೆನು. ಅಷ್ಟರಲ್ಲಿ ಅವನ ಕೈ ಒಂದಿಷ್ಟು ಸರಿದು, ಕಿರಣವು ಮೇಜಿನ ಮೇಲೆ ಬಿದ್ದಿದ್ದ ಉಕ್ಕಿನ ಅಳತೆಪಟ್ಟಿಯ ಮೇಲೆ ಬಿದ್ದಿತು. ಅಲ್ಲಿಂದ ಪುಟಿದ ನೀಲಿ ಚುಕ್ಕೆ ಎದುರು ಗೋಡೆಯ ಪಂಚಾಂಗದ ಮೇಲೆ ಒಂದು ಕ್ಷಣ ಕುಣಿದು ಮಾಯವಾಯಿತು. ಆ ಪಂಚಾಂಗದ ಮುಂದೆ ನನ್ನ ಮೊಮ್ಮಗನು ನಿಂತಿದ್ದನು. ಅಲ್ಲ, ನಿಂತಿದ್ದವನು ಆಗತಾನೆ ನೆಲಕ್ಕೆ ಬಿದ್ದ ತಿರುಪೊಂದನ್ನು ಹೆಕ್ಕಲು ಬಗ್ಗಿದ್ದನು. ಅವನಿಗೆ ಕನ್ನಡಕವನ್ನು ಯಾರೂ ಕೊಟ್ಟಿರಲಿಲ್ಲ. ಚುಕ್ಕೆ ಕುಣಿದದ್ದು ಅವನ ಮುಖವಿರಬೇಕಾದ ಎತ್ತರದಲ್ಲಿ.

ಯಾರಿಗೂ ಏನೂ ಆಗಲಿಲ್ಲ. ಯಜಮಾನನು ಕೆಲಸದ ಹುಡುಗನನ್ನು ಗದರಿಸಿದನು. ಇದಾದ ಮೇಲೆ ವಿವೇಕವುಳ್ಳವನು ಮಾಡಬೇಕಾದುದೇನೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ನಾನು ಮಾಡಿದ್ದಾದರೋ, ಜೇಬಿನಿಂದ ೨,೦೦೦ ರೂಪಾಯಿ ತೆಗೆದು ಮುಂಗಡವಾಗಿ ಕೊಟ್ಟು, ಯುಗಾದಿಯವರೆಗೆ ಅದನ್ನು ನನಗಾಗಿ ತೆಗೆದಿಡಬೇಕೆಂದು ಹೇಳಿದ್ದು. ಆಸೆಯ ವೇಗದಲ್ಲಿ ಭಯವು ಹಿಂದೆ ಬಿದ್ದಿತು. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮನೆಗೆ ಬಂದು ಕೊಳವೆಯ ಗುಣವನ್ನು ವರ್ಣಿಸಿದೆನು. ಚುಕ್ಕೆಯ ಸಂಗತಿಯನ್ನು ಎತ್ತಲಿಲ್ಲ. ನನ್ನ ಗೃಹಿಣಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿ, “ಕೊಳ್ಳುವುದಾದರೆ ಕೊಳ್ಳಿ. ನಿಮ್ಮ ದುಡ್ಡು, ನಿಮ್ಮ ಇಷ್ಟ. ತಂದ ಮೇಲೆ ಅದನ್ನು ಹಚ್ಚುವುದು ಎಲ್ಲಿ?” ಎಂದಳು. ಬೀಸುವ ಯಂತ್ರವನ್ನು ತರುತ್ತೇನೆಂದರೆ ಅದನ್ನು ಇಡುವುದೆಲ್ಲಿ ಎಂದು ಕೇಳುವಂತೆಯೇ ಅವಳು ಕೇಳಿದ್ದು. “ಎಲ್ಲಿಯಾದರೂ” ಎಂದು ನಾನು ಹೇಳಿದೆನು. ಆಗ ಮೊಮ್ಮಗನು ಮೂಲೆಯಿಂದ, “ಅಂಗಡಿಯಲ್ಲಿ ಹಚ್ಚಿದಾಗ ಗೋಡೆಯ ಮೇಲೆ ಬಂತು ಅಜ್ಜಿ, ನಾನು ಬಗ್ಗಿದ್ದೆ” ಎಂದನು. ಅವಳು ಅಕ್ಕಿಯ ಮೊರವನ್ನು ಕೆಳಗಿಟ್ಟಳು. ನನ್ನ ಕಡೆ ನೋಡಿದಳೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬಾರದೆ, ಕೊಳ್ಳುವುದಕ್ಕೆ ಮೊದಲೇ ಓದಬೇಕಾಗಿದ್ದುದನ್ನು ಆಗ ಕುಳಿತು ಓದಿದೆನು.

ಲೇಸರ್ ಎಂಬುದು ೧೯೬೦ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿಯು ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲು ಹೊರಡಿಸಿದ ಬೆಳಕು. ಮನೆಯ ದೀಪದ ಬೆಳಕು ಎಲ್ಲ ದಿಕ್ಕಿಗೂ ಹರಡಿ ದೂರ ಹೋದಷ್ಟೂ ತೆಳುವಾಗುತ್ತದೆ. ಲೇಸರಿನ ಬೆಳಕು ಹರಡದೆ ಒಂದೇ ಗೆರೆಯಾಗಿ ಸಾಗುತ್ತದೆ. ಇದೇ ಅದರ ಗುಣ, ಇದೇ ಅದರ ದೋಷ. ಅಂತಹ ಕಿರಣವು ಕಣ್ಣನ್ನು ಹೊಕ್ಕರೆ, ಕಣ್ಣಿನ ಮಸೂರವು ಅದನ್ನು ಇನ್ನಷ್ಟು ಕೂಡಿಸಿ, ಸುಮಾರು ಒಂದು ಲಕ್ಷ ಪಟ್ಟು ತೀಕ್ಷ್ಣವಾಗಿಸಿ ಒಳಪರದೆಯ ಮೇಲೆ ಸೂಜಿಯ ಮೊನೆಯಷ್ಟು ಜಾಗದಲ್ಲಿ ಇಡುತ್ತದೆ. ಆ ಪರದೆಗೆ ನೋವಿನ ಅರಿವಿಲ್ಲ. ಸುಟ್ಟರೂ ಒಡನೆ ತಿಳಿಯದು. ಸುಟ್ಟುಹೋದ ಭಾಗವು ಮತ್ತೆ ಬೆಳೆಯದು.

ಆದುದರಿಂದಲೇ ಇವುಗಳನ್ನು ಬಲಕ್ಕೆ ತಕ್ಕಂತೆ ವರ್ಗ ಮಾಡಿದ್ದಾರೆ. ಕಣ್ಣಿಗೆ ಕಾಣುವ ಕಿರಣವು ೧ ಮಿಲಿವಾಟಿನೊಳಗಿದ್ದರೆ ಎರಡನೆಯ ವರ್ಗ. ಅದು ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೂ ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚಿ ಕಾಪಾಡುತ್ತದೆ. ೫ ಮಿಲಿವಾಟಿನವರೆಗೆ ಮೂರನೆಯ ವರ್ಗದ ಮೊದಲ ಭಾಗ. ಎಚ್ಚರದಿಂದ ಬಳಸಿದರೆ ಸಾಮಾನ್ಯ ಜನರ ಕೈಗೆ ಇದೇ ಮೇರೆ. ಅಲ್ಲಿಂದ ೫೦೦ ಮಿಲಿವಾಟಿನವರೆಗೆ ಅದೇ ವರ್ಗದ ಎರಡನೆಯ ಭಾಗ. ಅದನ್ನೂ ಮೀರಿದುದು ನಾಲ್ಕನೆಯ ವರ್ಗ. ಇದರ ನೇರ ಕಿರಣ ಹಾಗಿರಲಿ, ಗೋಡೆಗೆ ಬಿದ್ದು ಚೆದರಿದ ಬೆಳಕೂ ಹತ್ತಿರದಿಂದ ನೋಡುವವರ ಕಣ್ಣಿಗೆ ಕೇಡು ಮಾಡಬಲ್ಲದು. ಚರ್ಮವನ್ನು ಸುಡುವುದು, ಬಟ್ಟೆಗೆ ಬೆಂಕಿ ಹಚ್ಚುವುದು. ನಡುಹಗಲಿನ ಸೂರ್ಯನನ್ನು ನೇರವಾಗಿ ದಿಟ್ಟಿಸಿದರೆ ಕಿರಿದಾದ ಪಾಪೆಯೊಳಕ್ಕೆ ಹೋಗುವ ಬೆಳಕು ಮೂರು ನಾಲ್ಕು ಮಿಲಿವಾಟಿನಷ್ಟು. ನಾನು ಮುಂಗಡ ಕೊಟ್ಟಿದ್ದ ಕೊಳವೆ ೧,೬೦೦ ಮಿಲಿವಾಟಿನದು. ಈ ಲೆಕ್ಕವನ್ನು ಕಾಗದದ ಮೇಲೆ ಎರಡು ಸಾರಿ ಮಾಡಿದೆನು. ಎರಡು ಸಾರಿಯೂ ಅಷ್ಟೇ ಬಂದಿತು.

ಇನ್ನೊಂದು ಸಂಗತಿ ನನ್ನ ಹೆಮ್ಮೆಯನ್ನು ಮುರಿಯಿತು. ಬಲ ಹೆಚ್ಚಿದಷ್ಟೂ ಕಾಣ್ಕೆ ಹೆಚ್ಚುವುದೆಂದು ನಾನು ನಂಬಿದ್ದೆನು. ಆದರೆ ನಮ್ಮ ಕಣ್ಣು ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಕಾಣುವುದಿಲ್ಲ. ಹಸುರಿಗೆ ಅದು ಬಹಳ ಚುರುಕು; ಕಡುನೀಲಿಗೆ ಮಂದ. ಒಂದೇ ಬಲದ ಹಸುರು ಕಿರಣವು ನೀಲಿ ಕಿರಣಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊಳಪಾಗಿ ತೋರುತ್ತದೆ. ಬಲವನ್ನು ಹತ್ತು ಪಟ್ಟು ಏರಿಸಿದರೂ ನೋಡುವವನಿಗೆ ಹೊಳಪು ಹತ್ತು ಪಟ್ಟಾಯಿತೆಂದು ಅನಿಸದು. ಹೀಗಾಗಿ ಸುಡುವ ಬಲ ನೂರುಪಟ್ಟು ಬೆಳೆದರೂ ತೋರಿಸುವ ಬಲ ಅದರ ಹಿಂದೆ ಕುಂಟುತ್ತ ಬರುತ್ತದೆ. ಇಷ್ಟು ಸಾಲದೆಂಬಂತೆ, ಈ ಕೊಳವೆಯನ್ನು ಹಚ್ಚುವಾಗ ಹಚ್ಚುವವನೂ ಸುತ್ತಲಿನ ಪ್ರತಿಯೊಬ್ಬರೂ ಆ ಬಣ್ಣಕ್ಕೆಂದೇ ಮಾಡಿದ ಕನ್ನಡಕವನ್ನು ಧರಿಸಿರಬೇಕು. ಕನ್ನಡಕವು ಸರಿಯಾದುದಾದರೆ ಅದು ತಡೆಯುವುದು ಆ ನೀಲಿ ಬೆಳಕನ್ನೇ. ಯಾವ ಬೆಳಕನ್ನು ನೋಡಲೆಂದು ೩೪,೦೦೦ ರೂಪಾಯಿ ಕೊಡುವೆನೋ ಅದು ಕಾಣದಂತೆ ಕಣ್ಣಿಗೆ ಪರದೆ ಕಟ್ಟಿಕೊಳ್ಳಬೇಕು! ಇದನ್ನು ಗೃಹಿಣಿಗೆ ಹೇಳಿದಾಗ ಅವಳು ಎರಡು ದಿನಗಳಲ್ಲಿ ಮೊದಲ ಸಾರಿ ನಕ್ಕಳು.

ಆದರೂ ಆಸೆಯು ಒಮ್ಮೆಗೇ ಬಿಡುವ ವಸ್ತುವಲ್ಲ. ಮನೆಯೊಳಗೆ ಬೇಡ, ಮಕ್ಕಳೆದುರಿಗೆ ಬೇಡ; ಆಕಾಶಕ್ಕೆ ಮಾತ್ರ ಬಿಟ್ಟರಾಯಿತಲ್ಲವೆ ಎಂದು ಮನಸ್ಸು ವಾದಿಸಿತು. ಅವಳ ಪ್ರಶ್ನೆಯನ್ನೇ ಹಿಡಿದು, ಇದನ್ನು ಹಚ್ಚಲು ತಕ್ಕ ಜಾಗವೆಲ್ಲಿದೆ ಎಂದು ಹುಡುಕಲು ಹೊರಟೆನು. ಮೊದಲು ನಮ್ಮ ತಾರಸಿಯನ್ನೇ ಹೊಸ ಕಣ್ಣಿನಿಂದ ನೋಡಿದೆನು. ಪೂರ್ವಕ್ಕೆ ಹತ್ತು ಅಂತಸ್ತಿನ ವಸತಿಗೃಹ, ಅದರ ನೂರು ಕಿಟಕಿಗಳು. ಪಶ್ಚಿಮಕ್ಕೆ ನೆರೆಮನೆಯವರ ನೀರಿನ ತೊಟ್ಟಿ, ಬಟ್ಟೆ ಒಣಗಿಸಲು ಬರುವ ಹೆಂಗಸರು. ಒಂದು ವಾಟ್ ಬಲದ ಕಿರಣವು ಇನ್ನೂರು ಮೀಟರಿನ ಆಚೆಗೂ ಕಣ್ಣನ್ನು ಸುಡಬಲ್ಲದು. ನಮ್ಮ ತಾರಸಿಯಿಂದ ಇನ್ನೂರು ಮೀಟರಿನೊಳಗೆ ನನ್ನ ಬಲ್ಲವರ ಮನೆಗಳೇ ಮೂವತ್ತಕ್ಕೂ ಮೇಲಿವೆ. ಮನುಷ್ಯನ ಕೈ ನಡುಗುವುದಿಲ್ಲವೆಂದು ಹೇಳುವವರು ಯಾರು?

ಹಾಗಾದರೆ ಊರಾಚೆ ಹೋಗೋಣವೆಂದು, ಮುಂದಿನ ವಾರ ಮಗನ ಕಾರಿನಲ್ಲಿ ನಂದಿಯ ಕಡೆಗೆ ಹೊರಟೆವು. ಬೆಟ್ಟವು ಸಮುದ್ರಮಟ್ಟಕ್ಕೆ ೧,೪೭೮ ಮೀಟರ್ ಎತ್ತರ. ನಗರದಿಂದ ಸುಮಾರು ೬೦ ಕಿಲೋಮೀಟರು. ಸಂಜೆ ಕೆಳಗಿಳಿದು ಭೋಗನಂದೀಶ್ವರನ ದರ್ಶನ ಮಾಡಿದೆವು. ಗುಡಿಯ ಕಲ್ಲುಗಳಲ್ಲಿ ಹಗಲಿನ ಬಿಸಿಲು ಇನ್ನೂ ಬೆಚ್ಚಗೆ ಉಳಿದಿತ್ತು. ಕಲ್ಯಾಣಿಯ ಮೆಟ್ಟಿಲ ಮೇಲೆ ತಣ್ಣನೆಯ ಗಾಳಿ. ಅಲ್ಲಿಂದ ಮುಂದೆ ಹೊಲದ ಬದುವಿನ ಮೇಲೆ ಕುಳಿತು ಕತ್ತಲಾಗುವುದನ್ನು ಕಾದೆವು. ನಮ್ಮ ಬೀದಿಯಲ್ಲಿ ಕಾಣದ ನಕ್ಷತ್ರಗಳು ಒಂದೊಂದಾಗಿ ಬಂದವು. ತೆಂಕಣ ದಿಕ್ಕಿನಲ್ಲಿ ಮಾತ್ರ ಬೇರೊಂದು ಬಗೆಯ ನಕ್ಷತ್ರಗಳು, ಒಂದರ ಹಿಂದೊಂದು ಸಾಲುಗಟ್ಟಿ, ನಿಧಾನವಾಗಿ ಕೆಳಗಿಳಿಯುತ್ತಿದ್ದವು.

ಅವು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನಗಳು. ೨೦೦೮ರಲ್ಲಿ ಆರಂಭವಾದ ಆ ನಿಲ್ದಾಣವು ನಂದಿಗೆ ನೇರವಾಗಿ ಗೆರೆಯೆಳೆದರೆ ಸುಮಾರು ೨೦ ಕಿಲೋಮೀಟರು. ಕೈಲೇಸರಿನ ಕಿರಣವು ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಮೀಟರಿನಷ್ಟು ಅಗಲವಾಗುತ್ತ ಹೋಗುತ್ತದೆ. ಅಷ್ಟು ದೂರದಲ್ಲಿ ಅದು ಕಣ್ಣನ್ನು ಸುಡದು ನಿಜ. ಆದರೆ ಕತ್ತಲಿಗೆ ಹೊಂದಿಕೊಂಡ ಚಾಲಕನ ಎದುರಿನ ಗಾಜೆಲ್ಲ ಒಮ್ಮೆಗೇ ಬೆಳಗಿ, ಓಡುದಾರಿಯ ದೀಪಗಳು ಅವನಿಗೆ ಕಾಣದಂತೆ ಮಾಡಲು ಬಹಳ ಬೆಳಕು ಬೇಕಾಗಿಲ್ಲ. ಅಮೆರಿಕದಲ್ಲಿ ೨೦೨೩ನೆಯ ಇಸವಿಯೊಂದರಲ್ಲಿಯೇ ಹೀಗೆ ವಿಮಾನಗಳ ಮೇಲೆ ಲೇಸರ್ ಬಿದ್ದ ೧೩,೦೦೦ಕ್ಕೂ ಹೆಚ್ಚು ದೂರುಗಳು ದಾಖಲಾದವು. ಅಲ್ಲಿ ೨೦೧೨ರಿಂದ ಇದು ಸೆರೆಮನೆಗೆ ಕಳುಹಿಸುವ ಅಪರಾಧ. ಈ ಕೆಲಸ ಮಾಡಿದವರೆಲ್ಲ ದುಷ್ಟರೆಂದು ನನಗೆ ತೋರಲಿಲ್ಲ. ಎಷ್ಟೋ ಜನ ನನ್ನಂತೆಯೇ ಹೊಸ ಕೊಳವೆಯನ್ನು ಕೊಂಡು, ಅದು ಎಷ್ಟು ದೂರ ಹೋಗುವುದೋ ನೋಡೋಣವೆಂದವರಿರಬೇಕು. ನಮ್ಮ ಮಗಳು ವರ್ಷಕ್ಕೊಮ್ಮೆ ಇದೇ ದಾರಿಯಲ್ಲಿ, ರಾತ್ರಿಯ ಹೊತ್ತಿನಲ್ಲಿ, ಕೂಸನ್ನು ಎತ್ತಿಕೊಂಡು ಇಳಿದು ಬರುತ್ತಾಳೆ. ಇಳಿಯುತ್ತಿದ್ದ ದೀಪಗಳನ್ನು ನಾವು ಮಾತಿಲ್ಲದೆ ನೋಡಿ ಹಿಂದಿರುಗಿದೆವು.

ಉಳಿದದ್ದು ಒಂದೇ ಜಾಗ. ವಿಮಾನಗಳ ದಾರಿಗೂ ಊರಿನ ಕಿಟಕಿಗಳಿಗೂ ದೂರವಾದ, ಆಕಾಶಕ್ಕಾಗಿಯೇ ಆರಿಸಿದ ಜಾಗ: ಕಾವಲೂರು. ಯುಗಾದಿಗೆ ಮುಂಚಿನ ಶನಿವಾರ ಬೆಳಗ್ಗೆ ಹೊರಟೆವು. ಹೊಸೂರು ದಾಟಿದ ಮೇಲೆ ಕೃಷ್ಣಗಿರಿಯ ಸುತ್ತ ದಾರಿಯ ಎರಡು ಕಡೆಗೂ ಮಾವಿನ ತೋಪುಗಳು, ಎಳೆಯ ಕಾಯಿಗಳ ಗೊಂಚಲು. ವಾಣಿಯಂಬಾಡಿಯಲ್ಲಿ ಪಾಲಾರ್ ನದಿಯ ಅಗಲವಾದ ಮರಳಿನ ಹಾಸು, ನೀರಿಲ್ಲ. ಹಿಂದಿನ ವಾರ ನಾವು ಕುಳಿತಿದ್ದ ನಂದಿಯ ಸೀಮೆಯಲ್ಲಿಯೇ ಹುಟ್ಟಿದ ನದಿ ಅದು ಎಂದು ಹೇಳಿದಾಗ ಹುಡುಗನು ಆಶ್ಚರ್ಯಪಟ್ಟನು. ಆಲಂಗಾಯಂ ಎಂಬ ಊರಿನಿಂದ ದಾರಿಯು ಜವಾದಿ ಬೆಟ್ಟಗಳನ್ನು ಏರುತ್ತದೆ. ಕುರುಚಲು ಕಾಡಿನ ನಡುವೆ, ಸುಮಾರು ೭೨೫ ಮೀಟರ್ ಎತ್ತರದಲ್ಲಿ, ವೀಕ್ಷಣಾಲಯದ ಬಿಳಿಯ ಗುಮ್ಮಟ ಮರಗಳ ಮೇಲೆ ತಲೆಯೆತ್ತಿ ಕಾಣಿಸಿತು.

ಇದನ್ನು ಕಟ್ಟಲು ತೊಡಗಿದವರು ಖಗೋಲ ವಿಜ್ಞಾನಿ ವೇಣು ಬಾಪು. ಹತ್ತೊಂಬತ್ತುನೂರ ಅರವತ್ತರ ದಶಕದಲ್ಲಿ ಅವರು ಈ ಜಾಗವನ್ನು ಹುಡುಕಿ, ೩೮ ಸೆಂಟಿಮೀಟರಿನ ಚಿಕ್ಕ ದೂರದರ್ಶಕವೊಂದರಿಂದ ಇಲ್ಲಿ ಕೆಲಸ ಆರಂಭಿಸಿದರು. ೧೯೭೭ರಲ್ಲಿ ಯುರೇನಸ್ ಗ್ರಹದ ಸುತ್ತ ಉಂಗುರಗಳಿರುವುದನ್ನು ಲೋಕಕ್ಕೆ ತಿಳಿಸಿದ ವೀಕ್ಷಣೆಗಳಲ್ಲಿ ಇಲ್ಲಿಯದೂ ಒಂದು. ದೊಡ್ಡ ಗುಮ್ಮಟದೊಳಗಿನ ದೂರದರ್ಶಕದ ಕನ್ನಡಿಯ ವ್ಯಾಸ ೨.೩೪ ಮೀಟರ್. ಅದರ ಗಾಜನ್ನು ತಿದ್ದಿ ನುಣುಪುಗೊಳಿಸಿದ್ದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ. ಬಾಪು ಅವರು ೧೯೮೨ರಲ್ಲಿ ತೀರಿಕೊಂಡರು. ದೂರದರ್ಶಕವು ೧೯೮೬ರ ಜನವರಿಯಲ್ಲಿ ಅವರ ಹೆಸರಿನಲ್ಲಿ ಆರಂಭವಾಯಿತು. ಆ ಕನ್ನಡಿಯ ಲೆಕ್ಕವನ್ನು ಹುಡುಗನೊಡನೆ ಕುಳಿತು ಮಾಡಿದೆನು: ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆ ೭ ಮಿಲಿಮೀಟರು, ಈ ಕನ್ನಡಿ ಅದಕ್ಕಿಂತ ಒಂದು ಲಕ್ಷ ಪಟ್ಟಿಗೂ ಹೆಚ್ಚಿನ ಬೆಳಕನ್ನು ಕೂಡಿಸುತ್ತದೆ. ಒಂದು ಲಕ್ಷ ಎಂಬ ಅಂಕಿಯನ್ನು ನಾನು ಈಚೆಗೆ ಬೇರೊಂದು ಪ್ರಸಂಗದಲ್ಲಿ ಓದಿದ್ದೆನು. ಎಲ್ಲಿ ಎಂಬುದು ನೆನಪಾಗಿ ಸುಮ್ಮನಾದೆನು.

ಕತ್ತಲಾದ ಮೇಲೆ ಸಂದರ್ಶಕರಿಗೆಂದು ಇಟ್ಟಿದ್ದ ಚಿಕ್ಕ ದೂರದರ್ಶಕದ ಮುಂದೆ ಸಾಲು ನಿಂತೆವು. ಅಲ್ಲಿಯ ಸಿಬ್ಬಂದಿಯೊಬ್ಬರು ಸಂಜೆಯೇ ನಮ್ಮ ಕೈದೀಪಗಳನ್ನು ಆರಿಸಿಡಬೇಕೆಂದು ಹೇಳಿದ್ದರು. ಲೇಸರನ್ನು ಇಲ್ಲಿ ಆಕಾಶಕ್ಕೆ ಬಿಡಬಹುದೇ ಎಂದು ನಾನು ಮೆಲ್ಲನೆ ಕೇಳಿದೆನು. ಅವರು ಕತ್ತಲಲ್ಲಿಯೇ ನನ್ನ ಕಡೆ ತಿರುಗಿ, “ಇಲ್ಲಿ ಒಂದೊಂದು ನಕ್ಷತ್ರದ ಬೆಳಕಿಗಾಗಿ ಗಂಟೆಗಟ್ಟಲೆ ಕಾಯುತ್ತೇವೆ ಸಾರ್. ನೀವು ಅದರ ಮೇಲೆ ಗೀಟು ಎಳೆಯುತ್ತೀರಾ?” ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲೆ ಖಗೋಲಜ್ಞರೇ ೨೦೧೬ರಿಂದ ತಲಾ ೨೨ ವಾಟಿನ ನಾಲ್ಕು ಲೇಸರ್ ಕಿರಣಗಳನ್ನು ಆಕಾಶಕ್ಕೆ ಬಿಡುತ್ತಾರೆಂಬುದನ್ನು ನಾನು ಓದಿದ್ದೆನು, ಅದನ್ನೂ ಹೇಳಿದೆನು. “ಅಲ್ಲಿ ೯೦ ಕಿಲೋಮೀಟರ್ ಎತ್ತರದಲ್ಲಿ ಒಂದು ಕೃತಕ ನಕ್ಷತ್ರವನ್ನು ಮಾಡಿ, ಗಾಳಿಯ ಅಲುಗಾಟವನ್ನು ಅಳೆಯುತ್ತಾರೆ. ವಿಮಾನ ಬರುತ್ತದೆಯೇ ಎಂದು ಕಾಯುತ್ತಾರೆ, ಪಕ್ಕದ ದೂರದರ್ಶಕದ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳುತ್ತಾರೆ. ಅವರಿಗೆ ಅದರಿಂದ ಕೆಲಸವಿದೆ. ನಿಮಗೆ ಏನು ಕೆಲಸ?” ಎಂದು ಅವರು ಕೇಳಿದರು. ಮಕ್ಕಳಿಗೆ ನಕ್ಷತ್ರ ತೋರಿಸುವುದಕ್ಕೆ ಎಂದೆನು. “ಅಷ್ಟಕ್ಕೆ ಬೆರಳು ಸಾಲದೆ?” ಎಂದು ಅವರು ನಕ್ಕು, ಮುಂದಿನವರನ್ನು ಕರೆದರು.

ಬೆರಳು ಸಾಲದೆಂದೇ ಈ ಎಲ್ಲ ಅಲೆದಾಟ ಆರಂಭವಾದದ್ದೆಂದು ಅವರಿಗೆ ಹೇಗೆ ಹೇಳಲಿ! ಸಾಲಿನಿಂದ ಹೊರಬಂದು ಮರಗಳಾಚೆಯ ಬಯಲಿನಲ್ಲಿ ನಿಂತೆವು. ಪಡುವಣದಲ್ಲಿ ಕೃತ್ತಿಕೆಯೂ ರೋಹಿಣಿಯೂ ಇಳಿಯುತ್ತಿದ್ದವು, ತೆಂಕಣದಲ್ಲಿ ಅಗಸ್ತ್ಯ, ಈಶಾನ್ಯದಲ್ಲಿ ಸಪ್ತರ್ಷಿಗಳು ಮೇಲೇರುತ್ತಿದ್ದರು. ಹುಡುಗನು ಅರುಂಧತಿ ಎಲ್ಲಿ ಎಂದು ಕೇಳಿದನು. ನಾನು ಕೈ ಚಾಚಿದೆನು. ಅವನು ಎಂದಿನಂತೆ ಬೇರೆಲ್ಲೋ ನೋಡಿದನು. ಆಗ ನನ್ನ ಗೃಹಿಣಿ ಅವನ ಹಿಂದೆ ಬಂದು ನಿಂತು, ತನ್ನ ಕೆನ್ನೆಯನ್ನು ಅವನ ಕೆನ್ನೆಗೆ ತಗುಲಿಸಿ, ಅವನ ಬೆರಳನ್ನೇ ಹಿಡಿದು ಎತ್ತಿದಳು. “ಮೊದಲು ಏಳು ಚುಕ್ಕಿಯನ್ನು ಎಣಿಸು. ಬಾಲದ ತುದಿಯಿಂದ ಎರಡನೆಯದು ದೊಡ್ಡದಾಗಿದೆಯಲ್ಲ, ಅವನು ವಸಿಷ್ಠ. ಅವನನ್ನೇ ನೋಡುತ್ತಿರು. ಈಗ ಅವನ ಮಗ್ಗುಲಲ್ಲಿ ಸಣ್ಣದಾಗಿ ಒಬ್ಬಳು ಕೂತಿದ್ದಾಳೆ ನೋಡು” ಎಂದಳು. ಸ್ವಲ್ಪ ಹೊತ್ತು ಮೌನ. ಆಮೇಲೆ ಹುಡುಗನು, “ಅಜ್ಜಿ, ಇದ್ದಾಳೆ!” ಎಂದು ಕೂಗಿದನು.

ನಮ್ಮ ಮದುವೆಯಲ್ಲಿ ಪುರೋಹಿತರು ನಡುಹಗಲಿನಲ್ಲಿ ಅರುಂಧತಿಯನ್ನು ತೋರಿಸಿ, ನಾವು ಏನನ್ನೂ ಕಾಣದೆಯೇ “ಕಂಡೆವು” ಎಂದಿದ್ದೆವು. ಶಾಸ್ತ್ರಕಾರರು ಸ್ಥೂಲಾರುಂಧತೀ ನ್ಯಾಯವೆಂದು ಹೇಳುವುದು ಇದನ್ನೇ: ಸೂಕ್ಷ್ಮವಾದುದನ್ನು ತೋರಿಸಬೇಕಾದರೆ ಮೊದಲು ಅದರ ಹತ್ತಿರದ ದೊಡ್ಡದನ್ನು ತೋರಿಸಿ, ಅಲ್ಲಿಂದ ಮೆಲ್ಲಗೆ ಕಣ್ಣನ್ನು ನಡೆಸಬೇಕು. ಆ ಎರಡು ನಕ್ಷತ್ರಗಳ ನಡುವಣ ಅಂತರವು ಪೂರ್ಣಚಂದ್ರನ ಅಗಲದ ಅರ್ಧಕ್ಕಿಂತ ಕಡಮೆ. ಹಸುರು ದಾರವಿದ್ದರೂ ಅಷ್ಟು ಸಮೀಪದ ಎರಡರಲ್ಲಿ ಯಾವುದೆಂದು ಕೊನೆಗೆ ಬಾಯಿಯಲ್ಲಿಯೇ ಹೇಳಬೇಕಾಗಿತ್ತು. ನಾಲ್ಕು ವರ್ಷ ನನ್ನ ಬೆರಳು ಸೋತದ್ದು ಬೆಳಕಿಲ್ಲದೆ ಅಲ್ಲವೆಂದು ಆಗ ತಿಳಿಯಿತು. ನಾನು ದೂರದಲ್ಲಿ ನಿಂತು ತೋರಿಸುತ್ತಿದ್ದೆನು. ನೋಡುವ ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿರಲಿಲ್ಲ.

ಯುಗಾದಿಯ ಮರುದಿನ ಎಸ್.ಪಿ. ರಸ್ತೆಗೆ ಹೋಗಿ, ಕೊಳವೆ ಬೇಡವೆಂದು ಹೇಳಿದೆನು. ಯಜಮಾನನು ಬೇಸರಪಡಲಿಲ್ಲ, ಸಣ್ಣದಾದರೂ ಇರಲಿ ಎಂದು ೩೦೦ ರೂಪಾಯಿಯ ಹಸುರು ಕಡ್ಡಿಯೊಂದನ್ನು ಮುಂದಿಟ್ಟನು. ಅದರ ಮೇಲೆ ೫ ಮಿಲಿವಾಟಿನೊಳಗೆ ಎಂದು ಬರೆದಿತ್ತು. ಅಮೆರಿಕದ ಮಾನಕ ಸಂಸ್ಥೆಯವರು ೨೦೧೩ರಲ್ಲಿ ಇಂತಹ ೧೨೨ ಕಡ್ಡಿಗಳನ್ನು ಪರೀಕ್ಷಿಸಿದಾಗ, ಹಸುರಿನವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಅಲ್ಲಿಯ ನ್ಯಾಯದ ಮೇರೆಯನ್ನು ಮೀರಿದ್ದವು. ಅಗ್ಗದ ಹಸುರು ಕಡ್ಡಿಯೊಳಗೆ ಕಣ್ಣಿಗೆ ಕಾಣದ ಅತಿರಕ್ತ ಕಿರಣ ಮೊದಲು ಹುಟ್ಟಿ ಆಮೇಲೆ ಹಸುರಾಗುತ್ತದೆ. ಅದನ್ನು ತಡೆಯುವ ಗಾಜನ್ನು ಹಾಕದೆ ಬಿಟ್ಟರೆ ಕಾಣದ ಕಿರಣವೂ ಜೊತೆಯಲ್ಲಿಯೇ ಹೊರಬರುತ್ತದೆ. ಬಲವನ್ನು ಅಳೆದು ನೋಡುವ ಸಾಧನ ನನ್ನಲ್ಲಿಲ್ಲ. ಅಳೆಯಲಾರದುದನ್ನು ಮಕ್ಕಳ ನಡುವೆ ಹಚ್ಚುವುದು ಬೇಡವೆಂದು ಅದನ್ನೂ ಹಿಂದಕ್ಕೆ ಸರಿಸಿದೆನು.

ಮುಂಗಡವನ್ನು ಹಿಂದಕ್ಕೆ ಕೊಡುವ ಪದ್ಧತಿ ಆ ಅಂಗಡಿಯಲ್ಲಿಲ್ಲ. ಬೇರೆ ಸಾಮಾನು ಕೊಂಡು ಹೋಗಬೇಕು. ಅದು ನ್ಯಾಯವೇ. ಹುಡುಗನಿಗೆ ಒಂದು ಬೆಸುಗೆಯ ಕಡ್ಡಿ, ಸೀಸದ ತಂತಿ, ಬ್ಯಾಟರಿಯ ಪೆಟ್ಟಿಗೆ, ಒಂದು ಹಿಡಿ ಕೆಂಪು ಎಲ್.ಇ.ಡಿ. ದೀಪಗಳು ಬಂದವು. ಮಂದವಾದ ಕೆಂಪು ಬೆಳಕು ಕತ್ತಲಿಗೆ ಹೊಂದಿದ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ನಕ್ಷತ್ರಪಟವನ್ನು ಓದಲು ಖಗೋಲಜ್ಞರು ಅದನ್ನೇ ಬಳಸುತ್ತಾರೆ. ಉಳಿದ ಹಣದಲ್ಲಿ, ಕೊಳವೆಯ ಬೆಲೆಯ ಅರ್ಧಕ್ಕಿಂತ ಕಡಮೆಗೆ, ಬೇರೊಂದು ಅಂಗಡಿಯಲ್ಲಿ ಒಳ್ಳೆಯ ಜೋಡಿ ದುರ್ಬೀನೊಂದು ದೊರೆಯಿತು. ಮನೆಗೆ ಬರುವ ದಾರಿಯಲ್ಲಿ ಮಾರುಕಟ್ಟೆಯ ಬಳಿ ಬೀದಿದೀಪಗಳು ಹೊತ್ತಿಕೊಂಡವು. ಹೂವಾಡಗಿತ್ತಿಯೊಬ್ಬಳು ಅದರ ಕೆಳಗೆ ಕುಳಿತು ಚಿಲ್ಲರೆಯನ್ನು ಎಣಿಸುತ್ತಿದ್ದಳು.

ಆ ನೀಲಿ ಕಿರಣದ ಆಸೆ ಪೂರ್ತಿಯಾಗಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಆ ಸಂದಿನಲ್ಲಿ ಹಾದುಹೋಗುವಾಗ ಗಾಜಿನ ಪೆಟ್ಟಿಗೆಯ ಕಡೆಗೆ ಕಣ್ಣು ಈಗಲೂ ಹೊರಳುತ್ತದೆ. ಆದರೆ ಅಮಾವಾಸ್ಯೆಯ ರಾತ್ರಿ ತಾರಸಿಯ ಮೇಲೆ ಮಕ್ಕಳು ಬಂದು ಸೇರಿದಾಗ, ಒಬ್ಬೊಬ್ಬರ ಪಕ್ಕದಲ್ಲಿಯೂ ಮೊಣಕಾಲೂರಿ ಕುಳಿತು, ಕೆನ್ನೆಗೆ ಕೆನ್ನೆ ತಾಗಿಸಿ ತೋರಿಸುತ್ತೇನೆ. ಮೊಣಕಾಲು ನೋಯುತ್ತದೆ, ಹೊತ್ತೂ ಹಿಡಿಯುತ್ತದೆ. ಒಂದು ರಾತ್ರಿಗೆ ನಾಲ್ಕು ನಕ್ಷತ್ರಗಳಿಗಿಂತ ಹೆಚ್ಚು ಆಗುವುದಿಲ್ಲ. ಆದರೆ ಈಗ ಮಕ್ಕಳು “ಕಂಡಿತು” ಎಂದರೆ ನಿಜವಾಗಿಯೂ ಕಂಡಿರುತ್ತದೆ.